ತಗೊಂಡದ್ದನ್ನು ವಾಪಸ್ ಕೊಡೋರು ಯಾರು?

ನಮ್ಮ ಫ್ಯಾಮಿಲಿ ಗ್ರೂಪಿಗೆ ದಿನಾ ಬೆಳಗ್ಗೆ ಒಂದು ಶುಭೋದಯ ಬಂದು ಬೀಳುತ್ತದೆ. ಸೂರ್ಯ, ಕಮಲ, ಕೆಳಗೊಂದು ಬುದ್ಧಿಮಾತು. ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ, ನಿಮ್ಮನ್ನು ನೀವು ಪ್ರೀತಿಸಿ, ಈ ಥರದ್ದು. ಕಳಿಸುವವರು ನಮ್ಮ ಭಾವ. ಒಳ್ಳೆಯ ಮನುಷ್ಯ. ನನಗೆ ಕಾಯಿಲೆ ಅಂತ ಗೊತ್ತಾದ ಮೇಲೆ ಇಂಥವು ಸ್ವಲ್ಪ ಜಾಸ್ತಿಯಾಗಿವೆ ಅಂತ ನನ್ನ ಅನುಮಾನ. ಅವರ ಮೇಲೆ ಬೇಜಾರೇನಿಲ್ಲ. ಆದರೆ ನಂಬು ನಂಬು ಅಂತ ಓದಿದಾಗಲೆಲ್ಲ ತಲೆಯಲ್ಲಿ ಒಂದೇ ಪ್ರಶ್ನೆ. ನಂಬೋಣ, ಆದರೆ ಯಾವ ತಿಂಗಳಿನ ನನ್ನನ್ನು?

ನನಗಿರುವುದು ಬೈಪೋಲಾರ್. ಮನಸ್ಸಿಗೆ ಒಮ್ಮೆ ಏರು, ಒಮ್ಮೆ ಇಳಿತ, ನಡುವೆ ಬಹಳಷ್ಟು ಕಾಲ ಎಲ್ಲರ ಹಾಗೆ. ಬರೆಯುವವರೆಲ್ಲ ಏರು, ಇಳಿತದ ಬಗ್ಗೆಯೇ ಬರೆಯುತ್ತಾರೆ. ಕತೆ ಇರುವುದು ಅಲ್ಲಿ, ನಿಜ. ನನಗೆ ಹೇಳಬೇಕಿರುವುದು ನಡುವಿನ ಕಾಲದ ಬಗ್ಗೆ. ಮಾತ್ರೆ ಸರಿಯಾಗಿ ನಡೆಯುತ್ತಿದೆ. ನಿದ್ದೆ ಬರುತ್ತಿದೆ. ಕೆಲಸಕ್ಕೆ ಹೋಗುತ್ತಿದ್ದೇನೆ. ಆದರೂ ನನ್ನ ಬಗ್ಗೆ ನನಗಿದ್ದ ಗೌರವ ಮೊದಲಿನ ಮಟ್ಟಕ್ಕೆ ಬರುವುದಿಲ್ಲ. ಇದು ಕಾಯಿಲೆಯ ಉಳಿಕೆಯಾ, ಅಥವಾ ಬೇರೆ ಏನಾದರೂ ಇದೆಯಾ? ಸುಮಾರು ದಿನದಿಂದ ಇದೇ ಕೊರೆಯುತ್ತಿದೆ.

ಒಂದು ವಿಚಿತ್ರ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ಖಿನ್ನತೆಯ ಲಕ್ಷಣಗಳನ್ನು ಹೇಳುವಾಗ ಆತ್ಮಗೌರವ, ಆತ್ಮವಿಶ್ವಾಸ ಕುಗ್ಗುವುದನ್ನು ಸೇರಿಸಿದ್ದಾರೆ. ಅದೇ ಪುಸ್ತಕದಲ್ಲಿ ಮೇನಿಯಾದ, ಅಂದರೆ ನಾನು ಏರು ಅಂದೆನಲ್ಲ ಅದರ, ಲಕ್ಷಣಗಳಲ್ಲಿ ಆತ್ಮಗೌರವ ಉಬ್ಬುವುದೂ ಇದೆ. ಅಮೆರಿಕದ ಮನೋವೈದ್ಯರ ಪಟ್ಟಿ ತೆಗೆದರೆ ಮೇನಿಯಾದ ಲಕ್ಷಣಗಳ ಸಾಲಿನಲ್ಲಿ ಮೊದಲು ಬರುವುದೇ ಅದು. ಅಂದರೆ ನನ್ನನ್ನು ನಾನು ಕೀಳಾಗಿ ನೋಡಿದರೆ ಅದು ಕಾಯಿಲೆ. ಮೇಲಾಗಿ ನೋಡಿದರೂ ಕಾಯಿಲೆ. ನನ್ನ ಬಗ್ಗೆ ಸಾಕ್ಷಿ ಹೇಳಬೇಕಾದ ನಾನೇ ಎರಡೂ ಕಡೆ ಸುಳ್ಳು ಹೇಳಿ ಸಿಕ್ಕಿಬಿದ್ದವನು. ಇಂಥವನಿಗೆ ನಿನ್ನನ್ನು ನಂಬು ಅಂದರೆ ಅವನು ಏನು ಮಾಡಬೇಕು?

ಹತ್ತು ವಾಕ್ಯಗಳ ಫಾರ್ಮು

ತಿಪಟೂರಿನಿಂದ ಬೆಂಗಳೂರಿನ ಆಸ್ಪತ್ರೆಗೆ ಹೋಗುವ ದಿನ ನನಗೆ ಬೆಳಗಿನ ಮಾತ್ರೆ ಇಲ್ಲ. ನನ್ನ ಮಾತ್ರೆ ಲಿಥಿಯಂ. ಅದನ್ನು ತಗೊಳ್ಳುವವರ ರಕ್ತವನ್ನು ಕೊನೆಯ ಮಾತ್ರೆಯಾಗಿ ಹನ್ನೆರಡು ಗಂಟೆಗೆ ತೆಗೆಯಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಗ್ಗೆ ಒಂಬತ್ತಕ್ಕೆ ಸೂಜಿ. ಹಾಗಾಗಿ ಕತ್ತಲಲ್ಲೇ ಹೊರಡುವುದು, ರಕ್ತ ಕೊಡುವುದು, ಆಮೇಲೆ ಮಾತ್ರೆ, ಆಮೇಲೆ ಇಡ್ಲಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ, ಕಿಡ್ನಿ ಹೇಗಿದೆ, ಥೈರಾಯ್ಡ್ ಹೇಗಿದೆ, ಎಲ್ಲಕ್ಕೂ ಒಂದೊಂದು ಸಂಖ್ಯೆ ಬರುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ಈ ಉಪ್ಪು ಮೇನಿಯಾಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಅವರನ್ನು ನಾನು ಮನಸ್ಸಿನಲ್ಲೇ ಆಗಾಗ ನೆನೆಯುತ್ತೇನೆ. ಬೈದುಕೊಳ್ಳುವುದೂ ಉಂಟು.

ಅಂಥ ಒಂದು ದಿನ ಓಪಿಡಿ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ಹುಡುಗಿ ಬಂದರು. ಸೈಕಾಲಜಿ ಓದುತ್ತಿದ್ದವರು. "ಸರ್, ಒಂದು ಹತ್ತು ಪ್ರಶ್ನೆ ಅಷ್ಟೇ, ಟೈಮ್ ಇದ್ಯಾ?" ಓಪಿಡಿಯಲ್ಲಿ ಕೂತವನಿಗೆ ಟೈಮಿಗೇನು ಕಮ್ಮಿ. ಅದು ಪ್ರಶ್ನೆ ಅಲ್ಲ, ವಾಕ್ಯಗಳು. ಒಟ್ಟಿನಲ್ಲಿ ನನ್ನ ಬಗ್ಗೆ ನನಗೆ ತೃಪ್ತಿ ಇದೆ. ಕೆಲವು ಸಲ ನಾನು ಯಾವುದಕ್ಕೂ ಪ್ರಯೋಜನ ಇಲ್ಲ ಅನಿಸುತ್ತದೆ. ಹೀಗೆ ಅರ್ಧ ಒಳ್ಳೆಯವು, ಅರ್ಧ ಕೆಟ್ಟವು. ಪೂರ್ತಿ ಒಪ್ಪುತ್ತೀರಾ, ಒಪ್ಪುತ್ತೀರಾ, ಒಪ್ಪುವುದಿಲ್ಲವಾ, ಸ್ವಲ್ಪವೂ ಒಪ್ಪುವುದಿಲ್ಲವಾ. ಒಂದಕ್ಕೆ ಟಿಕ್ ಹಾಕಬೇಕು.

ನಾನು ಪೆನ್ನು ಹಿಡಿದು ಕೂತೆ. "ಮೇಡಂ, ಇದು ಯಾವಾಗಿಂದು?"

"ಹಾಗಂದ್ರೆ ಸರ್?"

"ಇವತ್ತಿಂದು ಹೇಳ್ಬೇಕಾ, ಹೋದ ವರ್ಷದ್ದಾ?"

ಆಕೆ ಫಾರ್ಮು ತಿರುಗಿಸಿ ನೋಡಿದರು. "ನೀವು ಸಾಮಾನ್ಯವಾಗಿ ಹೇಗಿರ್ತೀರೋ ಹಾಗೆ ಹೇಳಿ ಸರ್."

ನಗು ಬಂತು. ಸಾಮಾನ್ಯವಾಗಿ ಹೇಗಿರ್ತೀನಿ ಅಂತ ಗೊತ್ತಿದ್ದರೆ ನಾನು ಆ ಬೆಂಚಿನ ಮೇಲೆ ಯಾಕೆ ಇರುತ್ತಿದ್ದೆ? ಇಳಿದ ಕಾಲದಲ್ಲಿ ಕೇಳಿದ್ದರೆ ಎಲ್ಲದಕ್ಕೂ ಸೊನ್ನೆ ಬರುವ ಹಾಗೆ ಟಿಕ್ ಹಾಕಿ, ಇಷ್ಟು ಒಳ್ಳೆ ಹುಡುಗಿಯ ಸಮಯ ಹಾಳು ಮಾಡಿದೆನಲ್ಲ ಅಂತ ಮನೆಗೆ ಬಂದು ಕೊರಗುತ್ತಿದ್ದೆ. ಏರಿದ ಕಾಲದಲ್ಲಿ ಮೂವತ್ತಕ್ಕೆ ಮೂವತ್ತು ತಗೊಂಡು, ಪ್ರಶ್ನೆಗಳನ್ನೂ ತಿದ್ದಿಕೊಟ್ಟು, ನಿಮ್ಮ ಗೈಡ್ ನಂಬರ್ ಕೊಡಿ ಅನ್ನುತ್ತಿದ್ದೆ. ಆ ಫಾರ್ಮು ಮಾಡಿದವರು ಮೋರಿಸ್ ರೋಸೆನ್‌ಬರ್ಗ್ ಅನ್ನುವ ಸಮಾಜಶಾಸ್ತ್ರಜ್ಞ ಅಂತ ಆಮೇಲೆ ಓದಿದೆ. 1965ರದ್ದು. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲು ಮಕ್ಕಳನ್ನು ಕೇಳಲು ಮಾಡಿದ್ದು. ಈಗಲೂ ಜಗತ್ತಿನ ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಹದಿನೇಳರ ಹುಡುಗನಿಗೆ ತನ್ನ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ, ಸರಿ. ನನ್ನಲ್ಲಿ ಇರುವುದು ಮೂರು ಜನ, ಮೂರು ಅಭಿಪ್ರಾಯ.

ಆ ಫಾರ್ಮು ಇಟ್ಟುಕೊಂಡು ನಡೆದ ಸಂಶೋಧನೆಗಳು ಹೇಳುವುದು ನನ್ನ ಅನುಭವಕ್ಕೆ ಹೊಂದುತ್ತದೆ. ಬೈಪೋಲಾರ್ ಇರುವವರು ಆರಾಮಾಗಿರುವ ಕಾಲದಲ್ಲೂ ತಮಗೆ ಕೊಟ್ಟುಕೊಳ್ಳುವ ಅಂಕ ಉಳಿದವರಿಗಿಂತ ಕಮ್ಮಿ. ಜೊತೆಗೆ ಆ ಅಂಕ ದಿನದಿಂದ ದಿನಕ್ಕೆ ಜಾಸ್ತಿ ಅಲ್ಲಾಡುತ್ತದೆ. ಯಾಕೆ ಅನ್ನುವುದಕ್ಕೆ ಎರಡು ವಾದ. ಮೊದಲೇ ಕಮ್ಮಿ ಇತ್ತು, ಅದಕ್ಕೇ ಕಾಯಿಲೆಗೆ ಜಾಗ ಆಯಿತು ಅನ್ನುವವರು ಕೆಲವರು. ಪ್ರತಿಸಲ ಕಾಯಿಲೆ ಬಂದು ಹೋದಾಗ ಕಲೆ ಉಳಿಸಿ ಹೋಗುತ್ತದೆ ಅನ್ನುವವರು ಕೆಲವರು. ಎರಡೂ ಇರಬಹುದು. ಆದರೆ ಎರಡೂ ವಾದಗಳು ಹುಡುಕುವುದು ನನ್ನ ತಲೆಯೊಳಗೆ. ನನಗೆ ಅನುಮಾನ ಇರುವುದು ತಲೆಯ ಹೊರಗಿನ ಒಂದು ಸಂಗತಿಯ ಮೇಲೆ. ಆ ಹುಡುಗಿಯ ಫಾರ್ಮಿನಲ್ಲಿ, ಹೆಮ್ಮೆ ಪಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ ಅನ್ನುವ ಅರ್ಥದ ವಾಕ್ಯ ಬಂದಾಗ ನನಗೆ ನೆನಪಾಗಿದ್ದು ಒಂದು ಬೀಗದ ಕೈ.

ಸ್ಟ್ರಾಂಗ್ ರೂಮು

ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದೆ. ಹೆಸರು ಬೇಡ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಒಬ್ಬರೇ ಬಂದರೆ ಬಾಗಿಲು ತೆಗೆಯಲು ಆಗುವುದಿಲ್ಲ. ಇಬ್ಬರೂ ಬೇಕು. ವರ್ಷಗಟ್ಟಲೆ ಆ ಎರಡನೇ ಕೀ ನನ್ನ ಪ್ಯಾಂಟಿನ ಒಳಜೇಬಿನಲ್ಲಿ ಇತ್ತು. ಮದುವೆ ಮನೆಗೆ ಹೋದರೂ ಕೈ ಆಗಾಗ ಅಲ್ಲಿಗೆ ಹೋಗಿ ಮುಟ್ಟಿ ಬರುತ್ತಿತ್ತು. ಕೊಬ್ಬರಿ ಹರಾಜಿನ ಆಸುಪಾಸಿನ ದಿನಗಳಲ್ಲಿ ನಮ್ಮಲ್ಲಿ ಜನ ನೋಡಬೇಕು. ಟವೆಲ್ಲು ಕೊಡವಿಕೊಂಡು ಬಂದು ಸಾಲು ನಿಲ್ಲುತ್ತಾರೆ. ಸಂಜೆ ಕ್ಯಾಷ್ ಟ್ಯಾಲಿ ಆಗುವ ಹೊತ್ತು ಇದೆಯಲ್ಲ, ಪುಸ್ತಕದ ಮೊತ್ತ ಮತ್ತು ಪೆಟ್ಟಿಗೆಯ ಮೊತ್ತ ಒಂದೇ ಬರುವ ಹೊತ್ತು, ಅದರ ಸುಖ ಕ್ಯಾಷಿಯರ್‌ಗೇ ಗೊತ್ತು. ಆ ಹೊತ್ತಿನಲ್ಲಿ ನಾನು ಒಳ್ಳೆಯವನೋ ಕೆಟ್ಟವನೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಲೆಕ್ಕ ಸರಿ ಇದೆ, ಅಷ್ಟೇ.

ಕಾಯಿಲೆ ಬಂದು ಹಾಕಿದ್ದ ರಜೆ ಮುಗಿಸಿ ಬಂದಾಗ ಲಿಥಿಯಂ ಹೊಸದು. ಕೈ ಸಣ್ಣಗೆ ನಡುಗುತ್ತಿತ್ತು. ಕಾಫಿ ಲೋಟ ಹಿಡಿದರೆ ಗೊತ್ತಾಗುತ್ತಿತ್ತು. ನೋಟು ಎಣಿಸುವಾಗಂತೂ ಎಲ್ಲರಿಗೂ ಕಾಣುತ್ತಿತ್ತು. ಎಣಿಸುವ ಮಿಷನ್ ಇದೆ, ಆದರೆ ನಮ್ಮ ಕಡೆಯ ರೈತರಿಗೆ ಮಿಷನ್ ಲೆಕ್ಕ ಸಮಾಧಾನ ಆಗುವುದಿಲ್ಲ. "ಅದು ಎಣಿಸಿದ್ದು ಸರೀನೇ, ನೀವೊಂದ್ಸಲ ಎಣ್ಸಿ ಸ್ವಾಮಿ" ಅನ್ನುತ್ತಾರೆ. ನನಗೆ ಅದು ಮೊದಲು ಹೆಮ್ಮೆಯ ವಿಷಯ ಆಗಿತ್ತು. ಆ ದಿನ ಒಬ್ಬ ಹಿರಿಯರು ಗಾಜಿನ ಆ ಕಡೆಯಿಂದ ನೋಟು ನೋಡುವುದು ಬಿಟ್ಟು ನನ್ನ ಬೆರಳು ನೋಡುತ್ತಿದ್ದರು.

"ಮೈ ಹುಷಾರಿಲ್ವಾ ಸ್ವಾಮಿ?"

"ಶುಗರ್ರು" ಅಂದೆ.

ಅವರ ಮುಖ ತಕ್ಷಣ ಅರಳಿತು. ತಮಗೂ ಇದೆಯಂತೆ. ಮೆಂತ್ಯ ನೆನೆಸಿ ಕುಡಿಯಿರಿ, ಹಾಗಲಕಾಯಿ ತಿನ್ನಿ ಅಂತ ಸಾಲಿನಲ್ಲಿದ್ದ ಎಲ್ಲರೂ ಸೇರಿಕೊಂಡರು. ಶುಗರ್ ಇರುವವನು ಎಲ್ಲರವನು. ನನ್ನ ನಿಜವಾದ ಕಾಯಿಲೆಯ ಹೆಸರು ಹೇಳಿದ್ದರೆ ಅಲ್ಲಿ ಯಾರೂ ಮನೆಮದ್ದು ಹೇಳುತ್ತಿರಲಿಲ್ಲ. ಈ ಕಡೆ ನಿಮ್ಹಾನ್ಸ್ ಹೆಸರು, ಉತ್ತರ ಕರ್ನಾಟಕದಲ್ಲಿ ಧಾರವಾಡದ ಹೆಸರು ತಮಾಷೆಗೆ ಬಳಕೆಯಾಗುವುದು ನಿಮಗೂ ಗೊತ್ತು. ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಟಿವಿಯಲ್ಲಿ ಮಾತಾಡಿದಾಗ ನನಗೆ ನಿಜವಾಗಿ ಧೈರ್ಯ ಬಂತು. ಆದರೆ ಗೆದ್ದವರ ಕಾಯಿಲೆಯನ್ನು ಒಪ್ಪಿಕೊಳ್ಳುವುದು ಜನಕ್ಕೆ ಸುಲಭ. ಕೌಂಟರಿನಲ್ಲಿ ಕೂತವನದ್ದು ಹಾಗಲ್ಲ. ಅವನ ಕೈಯಲ್ಲಿ ಜನರ ದುಡ್ಡು ಇರುತ್ತದೆ.

ಸ್ವಲ್ಪ ದಿನಕ್ಕೆ ಮ್ಯಾನೇಜರ್ ಕರೆದರು. ಬಾಗಿಲು ಮುಂದೆ ಮಾಡಿ, ಕಾಫಿ ತರಿಸಿ, ಮೆತ್ತಗೆ ಮಾತಾಡಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಕ್ಯಾಷ್ ಅಂದ್ರೆ ಟೆನ್ಷನ್ನು. ಸ್ವಲ್ಪ ದಿನ ಷೇರು ವಿಭಾಗ ನೋಡ್ಕೊಳ್ಳಿ." ಕೀ ರಿಜಿಸ್ಟರ್ ತರಿಸಿದರು. ತಾರೀಖು, ಸಮಯ, ಕೊಟ್ಟವರು, ತಗೊಂಡವರು. ಸಹಿ ಹಾಕಿ ಕೀ ಮೇಜಿನ ಮೇಲೆ ಇಟ್ಟೆ. ಅವತ್ತು ನನಗೆ ಬೇಸರಕ್ಕಿಂತ ನಿರಾಳವೇ ಜಾಸ್ತಿ ಆಗಿತ್ತು, ಅದನ್ನೂ ಹೇಳಬೇಕು. ಕೈ ನಡುಗುವಾಗ ನೋಟು ಎಣಿಸುವುದು ಹಿಂಸೆ.

ಆದರೆ ಡಾಕ್ಟರು ಡೋಸ್ ಹೊಂದಿಸಿದರು. ನಡುಕ ನಿಂತಿತು. ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟೆ. "ಸ್ವಲ್ಪ ದಿನ" ಮಾತ್ರ ಮುಗಿಯಲೇ ಇಲ್ಲ. ನಮ್ಮ ಸಾಲ ವಿಭಾಗದವರೊಬ್ಬರಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಅವರೂ ರಜೆ ಮುಗಿಸಿ ಸರ್ಟಿಫಿಕೇಟ್ ತಂದರು, ಅದೇ ಕುರ್ಚಿಯಲ್ಲಿ ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ನನ್ನ ಕಾಲದಲ್ಲಿ ಕ್ಯಾಷು ಒಂದು ದಿನವೂ ಕಮ್ಮಿ ಬಂದಿರಲಿಲ್ಲ. ಅದು ಪುಸ್ತಕದಲ್ಲೇ ಇದೆ. ಯಾರೂ ತೆಗೆದು ನೋಡಲಿಲ್ಲ, ಯಾಕೆಂದರೆ ಯಾರೂ ನನ್ನ ಮೇಲೆ ಆರೋಪ ಮಾಡಿರಲಿಲ್ಲ. ಆರೋಪ ಇದ್ದಿದ್ದರೆ ವಿಚಾರಣೆ ಇರುತ್ತಿತ್ತು, ವಿಚಾರಣೆಗೊಂದು ಕೊನೆ ಇರುತ್ತಿತ್ತು. ಕಾಳಜಿಗೆ ಕೊನೆ ಇಲ್ಲ.

ನನಗೆ ಹೊಳೆದಿದ್ದು ಇಷ್ಟು. ಕಾಯಿಲೆ ಬಂದಾಗ ನಮ್ಮಿಂದ ಒಂದೊಂದನ್ನೇ ತೆಗೆದುಕೊಳ್ಳುತ್ತಾರೆ. ಕೀ, ಚೆಕ್‌ಬುಕ್ಕು, ಬೈಕು, ಮನೆಯ ಮಾತುಕತೆಯಲ್ಲಿ ನಮ್ಮ ಮಾತು. ಬಹಳ ಸಲ ತೆಗೆದುಕೊಳ್ಳುವುದು ಸರಿಯೇ. ತಗೊಳ್ಳುವುದಕ್ಕೆ ಕ್ರಮ ಇದೆ, ಯಾರು ಮಾಡಬೇಕು ಅಂತ ಇದೆ, ರಿಜಿಸ್ಟರ್ ಕೂಡ ಇದೆ. ವಾಪಸ್ ಕೊಡುವುದು ಯಾರ ಕೆಲಸವೂ ಅಲ್ಲ. ಡಾಕ್ಟರು ಲಕ್ಷಣ ಹೋಯಿತಾ ಅಂತ ನೋಡುತ್ತಾರೆ. ಮನೆಯವರು ಮತ್ತೆ ಬರದಿದ್ದರೆ ಸಾಕು ಅಂತ ಇರುತ್ತಾರೆ. ನಾವೇ ಕೇಳಬೇಕು. ಕೇಳುವುದಕ್ಕೆ ಬೇಕಾದ ಆತ್ಮವಿಶ್ವಾಸ ಹೋಗಿರುತ್ತದೆ. ಜೋರಾಗಿ ಕೇಳಿದರೆ, ನೋಡಿ, ಮತ್ತೆ ಶುರುವಾಯಿತು ಅನ್ನುತ್ತಾರೆ.

ಸಿಟ್ಟು, ನಗು, ಎಣ್ಣೆ ಮಿಲ್ಲು

ಮನೆಯಲ್ಲಿ ಇದು ಇನ್ನೂ ಸೂಕ್ಷ್ಮ. ಬೋರ್‌ವೆಲ್ ಮೋಟರು ರಿಪೇರಿ ಮಾಡಿದವನು ಎರಡೇ ದಿನಕ್ಕೆ ಕೆಟ್ಟರೂ ಫೋನ್ ಎತ್ತುವುದಿಲ್ಲ ಅಂತ ಕೂಗಾಡುತ್ತೇನೆ. ಯಾರಿಗಾದರೂ ಸಿಟ್ಟು ಬರುವ ವಿಷಯವೇ. ಅಮ್ಮ ಅಡುಗೆಮನೆಯಿಂದ ಕೇಳುತ್ತಾರೆ, "ಮಾತ್ರೆ ತಗೊಂಡ್ಯಾ ಮಗಾ?" ಮೋಟರಿನ ವಿಷಯ ಅಲ್ಲಿಗೆ ಮುಗಿಯಿತು. ತಮ್ಮನ ಮಗುವಿನ ನಾಮಕರಣದಲ್ಲಿ ಯಾವುದೋ ಹಳೇ ಕತೆಗೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ನೋಡುತ್ತೇನೆ, ಪಂಕ್ತಿಯ ಆ ತುದಿಯಲ್ಲಿ ಹೆಂಡತಿ ನಗುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಅವಳನ್ನು ದೂರುವ ಹಾಗಿಲ್ಲ. ಹೋದ ಸಲ ಶುರುವಾಗಿದ್ದು ಹೀಗೇ, ನಗು ಜಾಸ್ತಿ, ಮಾತು ಜಾಸ್ತಿ, ನಿದ್ದೆ ಕಮ್ಮಿ. ಆಗ ರಾತ್ರಿಯೆಲ್ಲ ಎದ್ದು ಕೂತಿದ್ದವಳು ಅವಳು. ಅವಳ ಭಯಕ್ಕೆ ಕಾರಣ ಇದೆ. ಆದರೆ ಆಮೇಲಿಂದ ನಾನೂ ನಗುವ ಮುಂಚೆ ಒಂದು ಕ್ಷಣ ನೋಡಿಕೊಳ್ಳುತ್ತೇನೆ, ಇದು ಎಷ್ಟು ನಗುವ ವಿಷಯ ಅಂತ. ಸಿಟ್ಟು ಬಂದರೆ ಇದು ನನ್ನದಾ, ಕಾಯಿಲೆಯದ್ದಾ ಅಂತ. ಹೀಗೆ ಅಳೆದು ಸುರಿದು ಬದುಕುವವನಿಗೆ ತನ್ನ ಮೇಲೆ ಗೌರವ ಎಲ್ಲಿಂದ ಹುಟ್ಟಬೇಕು? ಇದನ್ನು ಕಾಯಿಲೆಯ ಲಕ್ಷಣ ಅಂತ ಬರೆದುಕೊಂಡರೆ ತಪ್ಪಾಗುತ್ತದೆ. ಇದಕ್ಕೆ ಡೋಸ್ ಹೆಚ್ಚು ಮಾಡಿ ಪ್ರಯೋಜನ ಇಲ್ಲ.

ಇನ್ನೊಂದು ಮಾತು ಇದೆ, ಹೇಳಲು ಸ್ವಲ್ಪ ಮುಜುಗರ. ಏರಿದ ಕಾಲದ ಆ ನನ್ನನ್ನು ಕಂಡರೆ ನನಗೆ ಇಷ್ಟ. ಅವನು ತಿಪಟೂರಿನ ಕೊಬ್ಬರಿ ಸುಮ್ನೆ ಹೊರಗೆ ಹೋಗಬಾರದು, ಇಲ್ಲೇ ಎಣ್ಣೆ ಮಾಡಿ ಬ್ರ್ಯಾಂಡ್ ಮಾಡಬೇಕು ಅಂತ ಹೊರಟವನು. ತಮಿಳುನಾಡಿನ ಕಾಂಗೇಯಂನಲ್ಲಿ ಕೊಬ್ಬರಿ ಎಣ್ಣೆ ಮಿಲ್ಲುಗಳು ಜಾಸ್ತಿ. ಅಲ್ಲಿಯ ಮಿಷನ್‌ನವರಿಗೆಲ್ಲ ರಾತ್ರಿ ಮೂರು ಗಂಟೆಗೆ ಫೋನ್ ಮಾಡಿದವನು. ರಾತ್ರಿ ಮೂರು ಗಂಟೆ ಅನ್ನುವುದು ಕಾಯಿಲೆ, ಸರಿ. ಆದರೆ ಆ ಯೋಚನೆ? ಅದನ್ನೇ ಈಗ ಬೇರೆಯವರು ಸಭೆಯಲ್ಲಿ ಹೇಳುತ್ತಾರೆ, ಜನ ತಲೆಯಾಡಿಸುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತೇನೆ. ಆ ತಿಂಗಳುಗಳಲ್ಲಿ ನಾನು ಹೇಳಿದ್ದೆಲ್ಲ ಒಟ್ಟಿಗೆ ಕಸದ ಬುಟ್ಟಿಗೆ ಹೋಯಿತು. ಹುಚ್ಚು ಯಾವುದು, ಬುದ್ಧಿ ಯಾವುದು ಅಂತ ಯಾರೂ ಆರಿಸಲಿಲ್ಲ. ನಾನೂ ಆರಿಸಲಿಲ್ಲ, ಭಯಕ್ಕೆ.

ಇಳಿದ ಕಾಲದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದೇ ಮಾತು. ಆಗ ನಾನು ಯಾರಿಗೂ ಬೇಡದವನು ಅನ್ನುವುದು ಬರೀ ಅನಿಸಿಕೆಯಾಗಿ ಬರುವುದಿಲ್ಲ. ಇಷ್ಟು ದಿನ ಎಲ್ಲರೂ ಮುಚ್ಚಿಟ್ಟಿದ್ದ ನಿಜ ಈಗ ಗೊತ್ತಾಯಿತು ಅನ್ನುವ ಹಾಗೆ ಬರುತ್ತದೆ. ಅದಕ್ಕೇ ಅದು ಅಪಾಯ. ಇದನ್ನು ಓದುತ್ತಿರುವ ಯಾರಿಗಾದರೂ ಈಗ ಹಾಗೆ "ಗೊತ್ತಾಗಿದ್ದರೆ" 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯಲ್ಲೊಂದು ಕರಾರು

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನನಗೆ ಇಷ್ಟವಾದ ಎರಡು ಜಾಗಗಳಿವೆ. ಒಂದು 3ನೇ ಸೆಕ್ಷನ್. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅವರು ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಅಂತ ತಿಳಿಯುವ ಹಾಗಿಲ್ಲ, ಅದನ್ನು ಕೋರ್ಟು ಹೇಳಬೇಕು ಅನ್ನುತ್ತದೆ. ಇದನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಬ್ಯಾಂಕಿಗೆ ತಗೊಂಡು ಹೋಗಲಿಲ್ಲ, ಜಗಳದ ಹಾಗೆ ಕಾಣುತ್ತದೆ ಅಂತ. ಇನ್ನೊಂದು ಜಾಗ ಅಡ್ವಾನ್ಸ್ ಡೈರೆಕ್ಟಿವ್. ಆರಾಮಾಗಿರುವಾಗಲೇ ಬರೆದಿಡಬಹುದು. ಮುಂದೆ ನಾನು ತೀರ್ಮಾನ ತಗೊಳ್ಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಹೇಗೆ ಚಿಕಿತ್ಸೆ ಕೊಡಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ. ಮೂರು ಜನರಲ್ಲಿ ನಡುವಿನವನ ಮಾತಿಗೆ ಬೆಲೆ ಕೊಟ್ಟ ಕಾಗದ ಇದೊಂದೇ ಅಂತ ನನಗನಿಸುತ್ತದೆ.

ಹೆಂಡತಿ, ನಾನು ಕೂತು ಬರೆಯಲು ಶುರು ಮಾಡಿದೆವು. ಆಸ್ಪತ್ರೆ ಯಾವುದು, ಯಾವ ಮಾತ್ರೆ ನನಗೆ ಹಿಡಿಸಲಿಲ್ಲ, ನನ್ನ ಪರವಾಗಿ ಅವಳೇ. ಇದೆಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಕಾನೂನಿನ ಕಾಗದದಲ್ಲಿ ಚಿಕಿತ್ಸೆ ವಿಷಯ ಮಾತ್ರ ಬರುತ್ತದೆ, ದುಡ್ಡಿನದು ಬರುವುದಿಲ್ಲ. ಹಾಗಾಗಿ ಮನೆಯ ಮಟ್ಟಿಗೆ ಇನ್ನೊಂದು ಹಾಳೆ ತೆಗೆದೆವು. ಅವಳು ಹೇಳಿದಳು, ಎರಡು ರಾತ್ರಿ ಸತತವಾಗಿ ನಾಲ್ಕು ಗಂಟೆಗಿಂತ ಕಮ್ಮಿ ನಿದ್ದೆ ಆದರೆ ಚೆಕ್‌ಬುಕ್ಕು, ಎಟಿಎಂ ಕಾರ್ಡು ಅವಳ ಕೈಗೆ. ಕೇಳದೆ ಕೊಡಬೇಕು. ನಾನು ಒಪ್ಪಿ ಬರೆದೆ. ಕೆಳಗೆ ಇನ್ನೊಂದು ಸಾಲು ಬರೆದು, ವಾಪಸ್ ಯಾವಾಗ ಅಂದೆ.

"ಸರಿಹೋದ್ಮೇಲೆ ಕೊಡ್ತೀನಲ್ರೀ."

"ಸರಿಹೋಗೋದು ಅಂದ್ರೆ ಯಾವತ್ತು, ಅದನ್ನ ಬರಿ."

"ಅಂದ್ರೆ ನಿಮಗೆ ನನ್ ಮೇಲೆ ನಂಬಿಕೆ ಇಲ್ವಾ?"

ಅವಳಿಗೆ ನಿಜವಾಗಿ ನೋವಾಗಿತ್ತು. ಇಷ್ಟು ದಿನ ನನ್ನನ್ನು ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಅದು. ಈಗ ಅದಕ್ಕೆ ಉತ್ತರ ಕೊಡಬೇಕಾದ ಜಾಗದಲ್ಲಿ ನಾನಿದ್ದೆ. ನಂಬಿಕೆ ಇದೆ, ಆದರೂ ಬರಿ ಅಂದೆ. ಅವಳು ಎದ್ದು ಹೋಗಿ ಪಾತ್ರೆ ತೊಳೆದು ಬಂದಳು. ಆಮೇಲೆ ಚೌಕಾಸಿ. ನಿದ್ದೆ ಬರೆಯುವ ನೋಟ್‌ಬುಕ್ಕಿನಲ್ಲಿ ಒಂದು ವಾರ ಪೂರ್ತಿ ಆರು ಗಂಟೆಗೆ ಕಮ್ಮಿ ಇಲ್ಲದ ನಿದ್ದೆ ಇರಬೇಕು. ಡಾಕ್ಟರನ್ನು ಒಂದು ಸಲ ಕಂಡು ಬಂದಿರಬೇಕು. ಅದಾದ ಮೇಲೆ ನಾನು ಕೇಳದೆಯೇ ಅವಳು ತಂದು ಕೊಡಬೇಕು, ಅದೇ ದಿನ ಸಂಜೆ. "ಅದೇ ದಿನ ಸಂಜೆ" ಅನ್ನುವುದನ್ನು ಅವಳು ಹೊಡೆದುಹಾಕಿ "ಮಾರನೇ ದಿನ" ಅಂತ ಬರೆದಳು. ಯಾಕೆ ಅಂದರೆ, "ನಾನೂ ಒಂದ್ ರಾತ್ರಿ ಮಲ್ಗಿ ಯೋಚ್ನೆ ಮಾಡ್ಬೇಡ್ವಾ?" ಒಪ್ಪಿದೆ.

ಕಾನೂನಿನ ಕಾಗದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಒಬ್ಬರಾಗಿ ನಮ್ಮ ಓಣಿಯ ಮೇಷ್ಟ್ರು ಒಪ್ಪಿದ್ದಾರೆ. ಇನ್ನೊಂದು ಸಹಿಗೆ ಬ್ಯಾಂಕಿನ ಮ್ಯಾನೇಜರನ್ನೇ ಕೇಳೋಣ ಅಂತ ನನಗಿದೆ. ಪೂರ್ತಿ ಓದಿ ಸಹಿ ಹಾಕಲಿ, ಕೀ ವಿಷಯ ಎತ್ತುವುದಕ್ಕೂ ಒಂದು ದಾರಿಯಾಗುತ್ತದೆ. ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದಾಳೆ. ಶುಕ್ರವಾರದೊಳಗೆ ತೀರ್ಮಾನ ಆಗಬೇಕು, ಸೋಮವಾರ ಓಪಿಡಿ ಇದೆ.